ಬ್ಲಾಕೋ, ಬ್ಲೀಡಿಂಗೋ: ಲಕ್ವದ ಬಗೆಯನ್ನು ಲಕ್ಷಣ ನೋಡಿ ನಿರ್ಧರಿಸಬೇಡಿ

ಲಕ್ವ ಹೊಡೆದವರನ್ನು ಕರೆತಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಇದು ಬ್ಲಾಕೋ, ಬ್ಲೀಡಿಂಗೋ?" ತೀರ್ಥಹಳ್ಳಿ ಸೀಮೆಯ ಸಣ್ಣ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುವ ನಾನು ಕೊಡುವ ಉತ್ತರದಿಂದ ಅವರಿಗೆ ಸಮಾಧಾನವಾಗುವುದಿಲ್ಲ. ಇದು ಲಕ್ವ ಎಂದು ಇಲ್ಲಿಯೇ ಹೇಳಬಹುದು. ಯಾವ ಬಗೆಯ ಲಕ್ವ ಎಂಬುದನ್ನು ಸಿ.ಟಿ. ಸ್ಕ್ಯಾನ್ ಆಗದೆ ಯಾರೂ ಖಚಿತವಾಗಿ ಹೇಳಬಾರದು, ಊಹೆಯ ಮೇಲೆ ಚಿಕಿತ್ಸೆಯನ್ನೂ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಕ್ಷಣಗಳಿಗೆ ಬೆಲೆಯೇ ಇಲ್ಲವೆಂದಲ್ಲ. ಮೆದುಳಿನಲ್ಲಿ ರಕ್ತಸ್ರಾವವಾದಾಗ ತೀವ್ರ ತಲೆನೋವು, ವಾಂತಿ, ನೋಡನೋಡುತ್ತಲೇ ಮಂಕಾಗುವ ಪ್ರಜ್ಞೆ ಮತ್ತು ಬಹಳ ಏರಿದ ಬಿ.ಪಿ. ಹೆಚ್ಚಾಗಿ ಕಾಣುತ್ತವೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದಾಗ ರೋಗಿ ಎಚ್ಚರವಾಗಿಯೇ ಇದ್ದು, ಒಂದು ಬದಿಯ ಕೈಕಾಲು ಮಾತ್ರ ಸ್ವಾಧೀನ ತಪ್ಪಿರುವುದು ಸಾಮಾನ್ಯ. ಇವನ್ನೆಲ್ಲ ಕೂಡಿ ಕಳೆದು ಲೆಕ್ಕ ಹಾಕುವ ಸೂತ್ರಗಳೂ ಇವೆ. ಥಾಯ್ಲೆಂಡಿನ ಸಿರಿರಾಜ್ ಆಸ್ಪತ್ರೆಯ ವೈದ್ಯರು 1991ರಲ್ಲಿ ಪ್ರಕಟಿಸಿದ ಸೂತ್ರವನ್ನು ನಮ್ಮಲ್ಲಿ ಅನೇಕರು ಓದುವಾಗಲೇ ಕಲಿತಿದ್ದೇವೆ. ಪ್ರಜ್ಞೆಯ ಮಟ್ಟಕ್ಕೆ 0 (ಪೂರ್ಣ ಎಚ್ಚರ), 1 (ಮಂಪರು) ಅಥವಾ 2 (ಪ್ರಜ್ಞೆ ತಪ್ಪಿದ ಸ್ಥಿತಿ) ಅಂಕ ಕೊಟ್ಟು 2.5ರಿಂದ ಗುಣಿಸಬೇಕು, ವಾಂತಿಗೆ 2, ಲಕ್ವ ಹೊಡೆದ ಎರಡು ಗಂಟೆಯೊಳಗೆ ಬಂದ ತಲೆನೋವಿಗೆ 2, ಬಿ.ಪಿ.ಯ ಕೆಳಗಿನ ಸಂಖ್ಯೆಯ ಹತ್ತನೆಯ ಒಂದು ಭಾಗ ಕೂಡಿಸಬೇಕು. ಸಕ್ಕರೆ ಕಾಯಿಲೆ ಅಥವಾ ಹೃದ್ರೋಗದ ಎದೆನೋವು ಇದ್ದರೆ 3 ಕಳೆದು, ಕೊನೆಗೆ 12 ಕಳೆಯಬೇಕು. ಉತ್ತರ 1ಕ್ಕಿಂತ ಹೆಚ್ಚಾದರೆ ರಕ್ತಸ್ರಾವ, −1ಕ್ಕಿಂತ ಕಡಿಮೆಯಾದರೆ ಹೆಪ್ಪು, ನಡುವೆ ಬಂದರೆ ಅನುಮಾನ.

ಅಡಿಕೆ ಸುಲಿಯುತ್ತ ಕುಳಿತಿದ್ದ ಒಬ್ಬ ಅಮ್ಮನ ಬಲಗೈಯಿಂದ ಅಡಿಕೆ ಜಾರಿ ಬೀಳತೊಡಗಿತ್ತು. ಸ್ವಲ್ಪ ಹೊತ್ತಿಗೆ ಬಲಗಾಲೂ ಜೋಮು ಹಿಡಿದಂತಾಯಿತು. ನನ್ನೆದುರು ಕುಳಿತಾಗ ಸ್ಪಷ್ಟವಾಗಿಯೇ ಮಾತನಾಡುತ್ತಿದ್ದರು. ತಲೆನೋವಿಲ್ಲ, ವಾಂತಿಯಿಲ್ಲ, ಹಳೆಯ ಸಕ್ಕರೆ ಕಾಯಿಲೆ, ಬಿ.ಪಿ.ಯ ಕೆಳಗಿನ ಸಂಖ್ಯೆ 100. ಸೂತ್ರಕ್ಕೆ ಹಾಕಿದರೆ ಬರುವುದು −5, ಅಂದರೆ ಅನುಮಾನಕ್ಕೆ ಎಡೆಯೇ ಇಲ್ಲದಂತೆ ಹೆಪ್ಪು. ಶಿವಮೊಗ್ಗದಲ್ಲಿ ಸಿ.ಟಿ. ತೆಗೆದಾಗ ಮೆದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ ಎಡಬದಿಯಲ್ಲಿ ಕಂಡದ್ದು ಚಿಕ್ಕ ರಕ್ತಸ್ರಾವ. ಚಿಕ್ಕ ರಕ್ತಸ್ರಾವವು ಮೆದುಳಿನ ಒತ್ತಡವನ್ನು ಹೆಚ್ಚು ಏರಿಸದಿರುವುದರಿಂದ ತಲೆನೋವು, ವಾಂತಿ ಬರಲೇಬೇಕೆಂದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಕಿರುಮೆದುಳಿನ ನಾಳ ಮುಚ್ಚಿದವರು ತಲೆ ಹಿಡಿದುಕೊಂಡು ವಾಂತಿ ಮಾಡುತ್ತಲೇ ಬರುವುದುಂಟು. ಸೂತ್ರವು ನೂರಾರು ರೋಗಿಗಳ ಗುಂಪಿನ ಬಗ್ಗೆ ಸರಿಯಾಗಿ ಹೇಳಬಹುದು, ಆದರೆ ನಮ್ಮೆದುರು ಕುಳಿತಿರುವ ಒಬ್ಬರ ಬಗ್ಗೆ ಅದು ಭರವಸೆ ಕೊಡುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ, ಎರಡು ಬಗೆಗಳ ಚಿಕಿತ್ಸೆ ಒಂದಕ್ಕೊಂದು ವಿರುದ್ಧವಾಗಿರುವುದು. ಹೆಪ್ಪಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವವಿರುವವರಿಗೆ ಅದೇ ಇಂಜೆಕ್ಷನ್ ಪ್ರಾಣಾಪಾಯ. ಹೃದಯಾಘಾತದ ನೆನಪಿನಲ್ಲಿ ಮನೆಯಲ್ಲೇ ಆಸ್ಪಿರಿನ್ ನುಂಗಿಸಿ ಕರೆತರುವವರನ್ನು ನೋಡುತ್ತಿರುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತಸ್ರಾವವಿಲ್ಲವೆಂದು ಸ್ಕ್ಯಾನ್ ತೋರಿಸಿದ ಮೇಲೆಯೇ ಆ ಮಾತ್ರೆ. ನನ್ನನ್ನು ಇನ್ನೂ ಹೆಚ್ಚು ನೋಯಿಸುವುದು ಬಿ.ಪಿ. ಏರಿದೆಯೆಂದು ಗಾಬರಿಯಾಗಿ ಅದನ್ನು ಬೇಗ ಇಳಿಸುವ ನಿಫೆಡಿಪಿನ್ ಔಷಧಿಯನ್ನು ನಾಲಿಗೆಯಡಿ ಇಡುವ ಪದ್ಧತಿ. ನಾಳ ಮುಚ್ಚಿರುವಾಗ ಮೆದುಳಿನ ಅರೆಜೀವ ಭಾಗಕ್ಕೆ ಅಷ್ಟಿಷ್ಟು ರಕ್ತ ತಲುಪುತ್ತಿರುವುದೇ ಆ ಏರಿದ ಒತ್ತಡದಿಂದ. ಒಮ್ಮೆಲೇ ಇಳಿಸಿದರೆ ಉಳಿಯಬಹುದಾಗಿದ್ದ ಭಾಗವೂ ಸಾಯುತ್ತದೆ. ಪಾರಿವಾಳದ ರಕ್ತ ಹಚ್ಚುತ್ತ, ನಾಟಿ ಔಷಧಿ ಹುಡುಕುತ್ತ ಕಳೆಯುವ ಗಂಟೆಗಳು ಮರಳಿ ಸಿಗುವುದಿಲ್ಲ.

ಸಿ.ಟಿ.ಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ತಾಜಾ ರಕ್ತಸ್ರಾವ ಅದರಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ನಾಳ ಮುಚ್ಚಿದ್ದರೆ ಮೊದಲ ಕೆಲವು ಗಂಟೆ ಸ್ಕ್ಯಾನ್ ಸಹಜವಾಗಿಯೇ ಕಾಣಬಹುದು. "ಸ್ಕ್ಯಾನ್ ನಾರ್ಮಲ್ ಅಂದ್ರು, ಏನೂ ಇಲ್ವಂತೆ" ಎಂದು ಮನೆಗೆ ಹೊರಟವರನ್ನು ತಡೆದು ಕೂರಿಸಿದ್ದೇನೆ. ಕೈ ಎತ್ತಲಾಗದವರ ಸ್ಕ್ಯಾನ್ ಸಹಜವಾಗಿದೆಯೆಂದರೆ ರಕ್ತಸ್ರಾವವಿಲ್ಲ, ಹೆಪ್ಪು ಕರಗಿಸುವ ಚಿಕಿತ್ಸೆಯ ಬಗ್ಗೆ ತಕ್ಷಣ ನಿರ್ಧರಿಸಬೇಕು ಎಂದರ್ಥ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ.; ಆಗುಂಬೆ ಕಡೆಯವರು ಮಣಿಪಾಲಕ್ಕೆ ಹೋಗುವುದಾದರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಆದ್ದರಿಂದಲೇ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ನಡೆಯುವ ಸಿ.ಟಿ. ಯಂತ್ರ, ಅದರ ಚಿತ್ರವನ್ನು ದೂರದಿಂದಲೇ ಓದಿ ಹೇಳುವ ತಜ್ಞರು ಇರಬೇಕೆಂದು ನಾವು ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೆ, ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಬದಿಯ ಕೈ ಸೋತರೆ 108ಕ್ಕೆ ಕರೆ ಮಾಡಿ, ಹೋಗುವ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸಿ.ಟಿ. ಸಿಗುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಕಳುಹಿಸಿಕೊಡುವ ವೈದ್ಯ ಮಿತ್ರರು ಚೀಟಿಯಲ್ಲಿ ರೋಗದ ಬಗೆಯನ್ನು ಊಹಿಸಿ ಬರೆಯುವ ಬದಲು, ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ನೋಡಿದ ಸಮಯ, ಬಿ.ಪಿ., ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರು, ಮತ್ತು ಬೆರಳ ತುದಿಯಿಂದ ನೋಡಿದ ಶುಗರ್ ಬರೆಯಲಿ. ಶುಗರ್ ತೀರಾ ಇಳಿದಾಗಲೂ ಲಕ್ವದಂತೆಯೇ ಕಾಣುತ್ತದೆ. ಅದನ್ನು ಮಾತ್ರ ಕ್ಲಿನಿಕ್ಕಿನಲ್ಲೇ ಪತ್ತೆ ಮಾಡಿ, ಅಲ್ಲಿಯೇ ಸರಿಪಡಿಸಬಹುದು.