ನದಿಯೊಳಗಿನ ತೆಂಗಿಗೆ ತೀರ್ವೆ

ನೇತ್ರಾವತಿಯು ಘಟ್ಟದಿಂದ ಹೊತ್ತು ತಂದ ಮರಳನ್ನು ಸಮುದ್ರ ಸೇರುವ ಮುನ್ನ ಅಲ್ಲಲ್ಲಿ ಇಳಿಸಿ ಹೋದುದರಿಂದ ಹುಟ್ಟಿದ ನಡುಗಡ್ಡೆಗಳನ್ನು ನಾವು ಕುದ್ರು ಎನ್ನುತ್ತೇವೆ. ಅಂಥ ಒಂದು ಕುದ್ರುವಿನಲ್ಲಿ ನನಗೆ ಪರಿಚಯದ ಪೊರ್ಬುಗಳೊಬ್ಬರ (ನಮ್ಮ ಕಡೆ ಕ್ರೈಸ್ತರನ್ನು ಹೀಗೆ ಕರೆಯುತ್ತಾರೆ) ಮನೆಯಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಯಾರ ವ್ಯಾಪ್ತಿಗೆ ಸೇರಿದ್ದೆಂಬ ಪ್ರಶ್ನೆ ಏಳುತ್ತದೆ, ಎರಡು ಪಂಚಾಯತಿಗಳ ನಿದ್ದೆ ಕೆಡುತ್ತದೆ.

ಕಾಗದದ ಪ್ರಕಾರ ಈ ಕುದ್ರು ತೆಂಕು ದಡದ್ದು, ಕಾಲಿನ ಪ್ರಕಾರ ಬಡಗು ದಡದ್ದು. ಮತ ಹಾಕುವುದೂ ತೀರ್ವೆ, ಅಂದರೆ ಭೂಕಂದಾಯ, ಕಟ್ಟುವುದೂ ತೆಂಕಿನಲ್ಲಿ. ಶಾಲೆ, ಬಸ್ಸು, ಆಸ್ಪತ್ರೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಬಡಗಿನಲ್ಲಿ. ಸೇತುವೆ ಬೇಕೆಂದು ಅರ್ಜಿ ಹಿಡಿದು ಹೋದರೆ, ಸೇತುವೆಯ ಇನ್ನೊಂದು ತುದಿ ತಮ್ಮದಲ್ಲವೆಂದು ತೆಂಕಿನವರೂ, ಅದರ ಮೇಲೆ ನಡೆಯುವವರು ತಮ್ಮ ಮತದಾರರಲ್ಲವೆಂದು ಬಡಗಿನವರೂ ಅತ್ಯಂತ ವಿನಯದಿಂದ ತಿಳಿಸುತ್ತಾರೆ. ಇಬ್ಬರು ಹೇಳುವುದೂ ಸರಿ ಎಂಬುದೇ ಈ ಆಡಳಿತದ ಸೊಗಸು. ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುವ ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆಗಳ ಜೊತೆಗೆ ದೋಣಿ ಕಡವನ್ನೂ ಸೇರಿಸಲಾಗಿದೆ. ಯಾವ ದಡದ ಪಂಚಾಯತಿಗೆ ಎಂಬುದನ್ನು ಬರೆಯಲು ಮಾತ್ರ ಸಂವಿಧಾನ ಮರೆತಿದೆ.

ಆದ್ದರಿಂದ ಮಳೆಗಾಲ ಕಳೆದ ಮೇಲೆ ಕುದ್ರುವಿನವರೇ ಹಣ ಒಟ್ಟುಮಾಡಿ ಕಾಲುಸೇತುವೆ ಕಟ್ಟಿಕೊಳ್ಳುತ್ತಾರೆ, ಮುಂದಿನ ಮಳೆಗೆ ಮುಂಚೆ ಬಿಚ್ಚಿಡುತ್ತಾರೆ. ನೇತ್ರಾವತಿಯದೇ ಕುದ್ರುವಾದ ಪಾವೂರು ಉಳಿಯದವರೂ ಅಡ್ಯಾರು ದಡಕ್ಕೆ ಹೀಗೆಯೇ ಸ್ವಂತ ಖರ್ಚಿನಲ್ಲಿ ಹಾದಿ ಮಾಡಿಕೊಂಡು ಬಂದವರು. ಉಡುಪಿಯ ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆಯೇ ಇದೆ ನಿಜ. ಈಗ ಅಲ್ಲಿಯ ಜನ ಮಾರುಕಟ್ಟೆಗೆ ಹೊರಟರೆ ಮದುಮಕ್ಕಳ ಫೋಟೋ ಮುಗಿಯುವವರೆಗೆ ಕಾಯಬೇಕು.

ಆದರೆ ಸರಕಾರ ಕುದ್ರುವನ್ನು ಮರೆತಿದೆ ಎಂದರೆ ನಾಲಿಗೆಗೆ ಹುಳು ಬಿದ್ದೀತು. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳುಗಾರಿಕೆ ನಿಷಿದ್ಧ. ದೋಣಿಗಳ ಓಡಾಟಕ್ಕೆ ಅಡ್ಡಿಯಾಗುವ ಮರಳು ದಿಬ್ಬಗಳನ್ನು ಮಾತ್ರ ಸಾಂಪ್ರದಾಯಿಕ ಕಸುಬಿನವರು ಯಂತ್ರ ಮುಟ್ಟದೆ ತೆರವು ಮಾಡಬಹುದು. ದಿಬ್ಬ ಯಾವ ದೋಣಿಗೆ ಅಡ್ಡಿ ಎಂದು ಪೊರ್ಬುಗಳನ್ನು ಕೇಳಿದೆ. "ಮರಳು ತುಂಬಿಸುವ ದೋಣಿಗೆ ಮಾರಾಯರೆ" ಎಂದರು. ಆ ಸಂಪ್ರದಾಯವು ರಾತ್ರಿ ಹನ್ನೊಂದರ ಮೇಲೆ ಡೀಸೆಲ್ ಎಂಜಿನ್ನಿನ ಸದ್ದಿನೊಂದಿಗೆ ನಡೆಯುವುದನ್ನು ನಾನು ಅವರ ಜಗಲಿಯಲ್ಲೇ ಮಲಗಿ ಕೇಳಿದ್ದೇನೆ. ಕೂಲಂಕಷವಾಗಿ ನೋಡಿದರೆ ಕುದ್ರು ಕೂಡ ತೆಂಗು ಬೆಳೆದ ಒಂದು ಮರಳು ದಿಬ್ಬವೇ ತಾನೆ. ತೆರವು ಅದರ ಅಂಚಿಗೂ ತಲುಪಿದರೆ ತಪ್ಪು ಕುದ್ರುವಿನದು.

ಹೀಗಾಗಿ ಪೊರ್ಬುಗಳ ಎಪ್ಪತ್ತು ಸೆಂಟ್ಸ್ ಜಾಗದಲ್ಲಿ ಮೂವತ್ತು ಈಗ ನೀರಿನಡಿ ಇದೆ. ಬೇರು ಬಿಚ್ಚಿಕೊಂಡ ಎರಡು ತೆಂಗಿನ ಮರಗಳು ನದಿಗೆ ಬಾಗಿ, ಮುಖ ತೊಳೆಯಲು ಹೊರಟವರಂತೆ ನಿಂತಿವೆ. ಪಹಣಿಯಲ್ಲಿ ಮಾತ್ರ ಎಪ್ಪತ್ತಕ್ಕೆ ಎಪ್ಪತ್ತೂ ಕ್ಷೇಮ, ತೀರ್ವೆಯೂ ಅಷ್ಟಕ್ಕೇ. ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ತಂತ್ರಾಂಶದ ಹೆಸರೇ 'ಭೂಮಿ' ಆಗಿರುವಾಗ ಅದಕ್ಕೆ ನೀರಿನ ಪರಿಚಯ ಇರಲಿ ಎಂದು ಬಯಸುವುದು ಅತಿಯಾಸೆಯಾದೀತು.

ಅಂತೂ ಹಲವು ಅರ್ಜಿಗಳ ತರುವಾಯ ಒಬ್ಬ ಭೂಮಾಪಕರು ದೋಣಿ ಹತ್ತಿ ಬಂದರು, ಒಂದು ಬೊಂಡ ಕುಡಿದರು. ಬಳಿಕ ನಕ್ಷೆ ಬಿಡಿಸಿ ಗಡಿಕಲ್ಲು ತೋರಿಸಬೇಕೆಂದರು. ಪೊರ್ಬುಗಳು ಅವರನ್ನು ಮತ್ತೆ ದೋಣಿಗೆ ಹತ್ತಿಸಿ, ದಡದಿಂದ ಸಾಕಷ್ಟು ದೂರ ಹೋಗಿ, ದೋಣಿ ನೂಕುವ ಉದ್ದ ಗಳುವಾದ ಜಲ್ಲವನ್ನು ನೇರವಾಗಿ ನೀರಿಗೆ ಇಳಿಸಿ ಅತ್ತಿತ್ತ ತಡಕಿದರು. ಕೆಳಗೆ ಕಲ್ಲಿಗೆ ತಾಗಿದ್ದು ಜಲ್ಲ ಹಿಡಿದ ಕೈಗೆ ತಿಳಿಯಿತು. "ಇಲ್ಲಿದೆ ಸ್ವಾಮಿ" ಎಂದರು. ಭೂಮಾಪಕರು ತಾವೂ ಒಮ್ಮೆ ಜಲ್ಲ ಹಿಡಿದು ಖಾತ್ರಿಪಡಿಸಿಕೊಂಡು, ಗಡಿಕಲ್ಲು ಮೂಲ ಸ್ಥಳದಲ್ಲಿಯೇ ಇದ್ದು ಯಾವುದೇ ಒತ್ತುವರಿ ಕಂಡುಬಂದಿಲ್ಲ ಎಂದು ಬರೆದು ಪೊರ್ಬುಗಳ ಸಹಿ ತೆಗೆದುಕೊಂಡರು.