ಎಲ್ಲರ ಕೈಗೂ 35 ಇಂಚಿನ ಪಟರ್ ಯಾಕೆ?

ಇವತ್ತು ಕಂಡಿದ್ದು ತಲೆಯಿಂದ ಹೋಗ್ತಾನೇ ಇಲ್ಲ. ಗಾಲ್ಫ್ ಸಾಮಾನಿನ ಅಂಗಡಿಯಲ್ಲಿ ಒಬ್ಬ ಹೆಂಗಸು, ಐದಡಿ ಇದ್ದಿರಬೇಕು, ಈಗಷ್ಟೇ ಆಟ ಕಲಿಯುತ್ತಿರುವವರು. ಅಂಗಡಿಯವರು ಅವರ ಕೈಗೆ 35 ಇಂಚಿನ ಪಟರ್ ಕೊಟ್ಟರು. ಪಟರ್ ಅಂದ್ರೆ ಚೆಂಡನ್ನು ಕುಳಿಯೊಳಗೆ ಉರುಳಿಸುವ ಗಾಲ್ಫ್ ಕೋಲು. ಹಿಡಿಕೆಯ ತುದಿ ಹೊಟ್ಟೆಗೆ ತಾಗುತ್ತಿತ್ತು. ಮೊಣಕೈ ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು.

"ಸ್ವಲ್ಪ ಉದ್ದ ಆಯ್ತಲ್ವಾ?" ಅಂತ ಕೇಳಿದರು ಪಾಪ.

"ಇದೇ ಸ್ಟ್ಯಾಂಡರ್ಡ್ ಮೇಡಂ, ಆಡ್ತಾ ಆಡ್ತಾ ಅಭ್ಯಾಸ ಆಗುತ್ತೆ."

ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಮಕ್ಕಳಿಗೆ ಕ್ರಿಕೆಟ್ ಬ್ಯಾಟ್ ಕೊಡಿಸುವಾಗ ಐದನೇ ಸೈಜೋ ಆರನೇ ಸೈಜೋ ಅಂತ ಪಕ್ಕದಲ್ಲಿ ನಿಲ್ಲಿಸಿ ನೋಡ್ತೀವಿ. ಪಟರ್‌ಗೆ ಮಾತ್ರ ಯಾಕೆ ಇಷ್ಟು ಅಸಡ್ಡೆ? ಪಾರ್ 72ರ ಲೆಕ್ಕದಲ್ಲಿ, ಅಂದ್ರೆ 18 ಕುಳಿಗೆ ನಿಗದಿಯಾದ 72 ಹೊಡೆತದಲ್ಲಿ, ಕುಳಿಗೆ ಎರಡರಂತೆ 36 ಹೊಡೆತ ಪಟ್ಟಿಂಗ್‌ಗೇ ಮೀಸಲು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ 4ನೇ ಸ್ಥಾನ ಪಡೆದಾಗ ಎದುರಾಳಿಗಳ ಡ್ರೈವ್ (ಮೊದಲ ಉದ್ದನೆಯ ಹೊಡೆತ) ಅವರಿಗಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಪದಕದ ಹತ್ತಿರ ಅವರನ್ನು ಒಯ್ದದ್ದು ಪಟರ್.

ಅಳತೆ ನೋಡೋದು ಏನು ಮಹಾ ಕಷ್ಟ? ಬರಿಗೈಲಿ ನಿಲ್ಲಿ. ಸೊಂಟದಿಂದ ಸ್ವಲ್ಪ ಬಾಗಿ. ಕಣ್ಣು ಚೆಂಡಿನ ನೇರ ಮೇಲ್ಗಡೆ ಇರಲಿ, ಇಲ್ಲವೇ ಒಂಚೂರು ಒಳಗೆ, ಅಂದ್ರೆ ಕಾಲಿನ ಕಡೆಗೆ ಇರಲಿ. ತೋಳು ಸಡಿಲ ಬಿಟ್ಟಾಗ ಅಂಗೈ ಎಲ್ಲಿ ಸೇರುತ್ತೋ, ಹಿಡಿಕೆ ಅಲ್ಲಿಗೆ ಬರಬೇಕು. ಬರೀ ಎತ್ತರ ಕೇಳಿ ಕೊಡೋದೂ ತಪ್ಪೇ. ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರಲ್ಲ, ಬಾಗುವ ರೀತಿಯೂ ಬೇರೆ.

ಪಟರ್ ಉದ್ದವಾದರೆ ಚೆಂಡು ಕಾಲಿನಿಂದ ದೂರ ಹೋಗುತ್ತೆ. ಕಣ್ಣು ಒಳಗೇ ಉಳಿದು, ಚೆಂಡು ಉರುಳಬೇಕಾದ ಗೆರೆ ತಪ್ಪಾಗಿ ಕಾಣುತ್ತೆ. ಪಟರ್ ತಲೆಯ, ಅಂದ್ರೆ ಚೆಂಡಿಗೆ ತಾಗುವ ಭಾಗದ, ಆಚೆ ತುದಿ ನೆಲ ಬಿಟ್ಟು ಏಳುತ್ತೆ. ಆಮೇಲೆ ಮೂರಡಿ ಪಟ್ ತಪ್ಪಿದರೆ "ನಿಮ್ಮ ಸ್ಟ್ರೋಕ್ ಸರಿಯಿಲ್ಲ" ಅಂತಾರೆ! ತೀರಾ ಗಿಡ್ಡವಾದರೆ ಬೆನ್ನಿಗೆ ಏಟು, ಅದು ಬೇರೆ ಮಾತು.

"ಕೆಳಗೆ ಹಿಡಿದರಾಯ್ತು" ಅನ್ನೋರಿದ್ದಾರೆ. ಆಗಲ್ಲ. ಪಟರ್ ತಲೆ ಹಗುರ ಅನ್ನಿಸುತ್ತೆ, ಮಿಕ್ಕ ಹಿಡಿಕೆ ಹೊಟ್ಟೆಗೆ ಚುಚ್ಚುತ್ತೆ. ಇನ್ನು ಕೆಲವರು ಉದ್ದದ ಪಟರ್ ಸರಿ ಅನ್ನೋಕೆ ಆಸ್ಟ್ರೇಲಿಯಾದ ಗಾಲ್ಫರ್ ಆಡಂ ಸ್ಕಾಟ್ ಹೆಸರು ತರ್ತಾರೆ. ಹೌದು, 2013ರ ಮಾಸ್ಟರ್ಸ್ ಟೂರ್ನಿ ಅವರು ಗೆದ್ದದ್ದು ಎದೆಗೆ ಬರುವ ಉದ್ದದ ಪಟರ್‌ನಲ್ಲೇ. 2016ರಿಂದ ಪಟರನ್ನು ಮೈಗೆ ಆನಿಸಿ ಆಡುವಂತಿಲ್ಲ, ಆದರೆ ಉದ್ದಕ್ಕೆ ಇವತ್ತಿಗೂ ಗರಿಷ್ಠ ಮಿತಿ ಇಲ್ಲ. ಇನ್ನೊಂದು ಕಡೆ ಅಮೆರಿಕದ ಗಾಲ್ಫರ್ ರಾಬರ್ಟ್ ಗ್ಯಾರಿಗಸ್ 28 ಇಂಚಿನದ್ದರಲ್ಲಿ ಆಡಿದರು. ಅವರೆಲ್ಲ ತಮ್ಮ ಮೈಗೆ, ತಮ್ಮ ಆಟಕ್ಕೆ ಬೇಕಾದದ್ದನ್ನು ಹುಡುಕಿಕೊಂಡವರು. ಗೋಡೆಗೆ ತೂಗಿಹಾಕಿದ್ದನ್ನು ಸುಮ್ನೆ ಎತ್ತಿಕೊಂಡವರಲ್ಲ.

ಆ ಹೆಂಗಸನ್ನು ನಿಲ್ಲಿಸಿ ಅಳೆದೆ. 32 ಸಾಕಾಗಿತ್ತು. ಅಂಗಡಿಯವರ ಮುಖ ಗಂಟಿಕ್ಕಿತು, ಇರಲಿ. ಕತ್ತರಿಸಿ ಹೊಸ ಗ್ರಿಪ್ ಹಾಕಿ, ತಲೆಗೆ ತೂಕ ಸೇರಿಸಿ ಕೊಡಿ ಅಂದೆ, ಒಪ್ಪಲಿಲ್ಲ. ಆಕೆ ಪಟರ್ ವಾಪಸ್ ಕೊಟ್ಟು ಹೊರಟರು. ಅಳೆಯದೆ ಮಾರೋರ ಹತ್ತಿರ ನೀವೂ ತಗೋಬೇಡಿ, ದಯವಿಟ್ಟು.