ಓಡೋದಾ, ಒಳಗೇ ಇರೋದಾ?

2024ರ ಮೇ 23, ಗುರುವಾರ ಮಧ್ಯಾಹ್ನ. ಮುಂಬೈ ಹತ್ತಿರದ ತಳೋಜಾದ ನಮ್ಮ ಪ್ಲಾಂಟಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಡೊಂಬಿವಲಿಯಿಂದ ಅತ್ತಿಗೆಯ ಫೋನ್ ಬಂತು. "ದೊಡ್ಡ ಸದ್ದಾಯ್ತು ಮಾರಾಯ. ಅಡುಗೆಮನೆ ಕಿಟಕಿ ಗಾಜು ಪೂರ್ತಿ ಒಳಗೆ ಬಿದ್ದಿದೆ. ಎಂಐಡಿಸಿ ಕಡೆ ಕಪ್ಪು ಹೊಗೆ. ಈಗ ನಾವು ಓಡೋದಾ, ಒಳಗೇ ಇರೋದಾ?"

ಎಂಐಡಿಸಿ ಅಂದರೆ ಅಲ್ಲಿನ ಸರ್ಕಾರಿ ಕೈಗಾರಿಕಾ ಪ್ರದೇಶ. ನಾನು ಸೇಫ್ಟಿ ಆಫೀಸರ್. ಇಪ್ಪತ್ನಾಲ್ಕು ವರ್ಷದ ಸರ್ವಿಸ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿ ಉರಿಯುತ್ತಿರೋದು ಏನು ಅಂತ ಗೊತ್ತಿದ್ದರೆ ತಾನೇ ಹೇಳೋದು? "ಕಿಟಕಿಯಿಂದ ದೂರ ಇರಿ ಅತ್ತಿಗೆ, ನೋಡಿ ಹೇಳ್ತೀನಿ" ಅಂದೆ. ನೋಡೋಕೆ ನನ್ನ ಹತ್ತಿರ ಇದ್ದದ್ದು ಟೀವಿ ಮಾತ್ರ.

ಅವತ್ತು ಹತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ಎಂಐಡಿಸಿಯಲ್ಲಿ 2016ರ ಮೇ 26ರಂದೂ ಹೀಗೇ ಸ್ಫೋಟ ಆಗಿತ್ತು, ಆಗಲೂ ಗಾಜು ಒಡೆದಿತ್ತು, ಜನ ಸತ್ತಿದ್ದರು. ಆಮೇಲೆ ಮಾಮೂಲಿ ಜಗಳ: ಕಾರ್ಖಾನೆ ಮೊದಲು ಬಂತಾ, ಬಿಲ್ಡಿಂಗ್ ಮೊದಲು ಬಂತಾ? ಆ ಜಗಳ ನನಗೆ ಬೇಡ. ಅತ್ತಿಗೆ ಕೇಳಿದ ಪ್ರಶ್ನೆ ಮಾತ್ರ ಇನ್ನೂ ಚುಚ್ಚುತ್ತಿದೆ. ಯಾಕೆಂದರೆ ಆ ಉತ್ತರ ಆಕೆಗೆ ಮೊದಲೇ ಗೊತ್ತಿರಬೇಕು ಅಂತ ಕಾನೂನೇ ಹೇಳುತ್ತದೆ.

ಭೋಪಾಲ ಆದಮೇಲೆ ಬಂದ ಕಾನೂನುಗಳು ಇವು. 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಆಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ, ಆಮದಿನ ನಿಯಮಗಳು ಬಂದವು. 1996ರಲ್ಲಿ ರಾಸಾಯನಿಕ ಅಪಘಾತಗಳನ್ನು ಎದುರಿಸುವ ನಿಯಮಗಳು. ಬರೆದವರು ದಡ್ಡರಲ್ಲ. ಕಾರ್ಖಾನೆ ಒಳಗಿನ ತುರ್ತು ಪ್ಲಾನ್ ಮಾಲೀಕ ಮಾಡಬೇಕು, ಆರು ತಿಂಗಳಿಗೊಮ್ಮೆ ಮಾಕ್ ಡ್ರಿಲ್ ಮಾಡಬೇಕು. ಗೇಟಿನ ಹೊರಗಿನ ಪ್ಲಾನ್ ಜಿಲ್ಲಾಡಳಿತದ್ದು, ಅದರ ಡ್ರಿಲ್ ವರ್ಷಕ್ಕೊಂದು. 1989ರ ನಿಯಮಗಳಲ್ಲಿ 15ನೇ ನಿಯಮ ಇನ್ನೂ ಸ್ಪಷ್ಟ: ಸುತ್ತಮುತ್ತ ಇರೋ ಜನಕ್ಕೆ ಇಲ್ಲಿ ಏನು ಅಪಾಯ ಇದೆ, ಅಪಘಾತ ಆದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಸಬೇಕು.

ಇದನ್ನೆಲ್ಲ ನಾವು ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ನಮ್ಮ ಮಾಕ್ ಡ್ರಿಲ್ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಎರಡು ದಿನ ಮೊದಲೇ ಬೋರ್ಡಿನಲ್ಲಿ ನೋಟಿಸ್. ಸೈರನ್ ಕೂಗೋ ಮೊದಲೇ ಆಂಬುಲೆನ್ಸ್ ಇಂಜಿನ್ ಚಾಲೂ. ಕ್ಯಾಂಟೀನಿಗೆ ಸಮೋಸಾ ಆರ್ಡರ್ ಹೋಗಿರುತ್ತಿತ್ತು. ನಾಲ್ಕು ನಿಮಿಷದಲ್ಲಿ ಎಲ್ಲರೂ ಅಸೆಂಬ್ಲಿ ಪಾಯಿಂಟಿನಲ್ಲಿ ಹಾಜರ್. ಫೋಟೋ, ರಿಪೋರ್ಟ್, ಫೈಲ್. ಆಡಿಟ್‌ಗೆ ಬಂದವರು ಪ್ರತಿ ಸಲ ತಲೆಯಾಡಿಸುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಹೊಸ ಪ್ಲಾಂಟ್ ಮ್ಯಾನೇಜರ್ ಬಂದರು. "ಈ ಸಲ ರಾತ್ರಿ ಎರಡೂವರೆಗೆ ಮಾಡೋಣ, ಯಾರಿಗೂ ಹೇಳೋದು ಬೇಡ" ಅಂದರು. ನಾನು ಬೇಡ ಅಂದೆ. ಕಾರಣ ಏನೇನೋ ಕೊಟ್ಟೆ, ಆದರೆ ಒಳಗಿದ್ದದ್ದು ಫೈಲ್ ಕೆಡುತ್ತದೆ ಅನ್ನೋ ಭಯ ಅಷ್ಟೇ.

ಕೆಟ್ಟಿತು. ಉಸಿರಾಟದ ಸೆಟ್ ಇಟ್ಟಿದ್ದ ಕಪಾಟಿನ ಬೀಗದ ಕೈ ಡೇ ಶಿಫ್ಟಿನವನ ಜೇಬಿನಲ್ಲಿ, ಅವನು ಪನವೇಲಿನ ಮನೆಯಲ್ಲಿ. ಅದನ್ನಾದರೂ ಸರಿಮಾಡಬಹುದು. ಗಾಳಿಯದು ಬೇರೆ ಕಥೆ. ಈ ಕಡೆ ಹಗಲು ಸಮುದ್ರದಿಂದ ಗಾಳಿ, ಅಂದರೆ ಪಡುವಣದಿಂದ. ಚಳಿಗಾಲದ ರಾತ್ರಿ ಉಲ್ಟಾ, ನೆಲದಿಂದ ಸಮುದ್ರದ ಕಡೆಗೆ. ಕರಾವಳಿಯಲ್ಲಿ ಹುಟ್ಟಿದವನು ನಾನು, ಈ ಗಾಳಿ ನೋಡಿ ದೋಣಿ ಬಿಡೋರ ಊರು ನಮ್ಮದು. ಆದರೂ ಹತ್ತು ವರ್ಷ ನನಗೆ ಹೊಳೆದಿರಲಿಲ್ಲ: ನಮ್ಮ ಅಸೆಂಬ್ಲಿ ಪಾಯಿಂಟ್ ಹಗಲಿನ ಗಾಳಿ ನೋಡಿ ಗುರುತು ಹಾಕಿದ್ದು. ಆ ರಾತ್ರಿ ನಿಜವಾಗಿ ಕ್ಲೋರಿನ್ ಸೋರಿದ್ದರೆ ಅದು ನೇರ ಅಲ್ಲಿಗೇ ಬರುತ್ತಿತ್ತು. ನಾವು ಅಷ್ಟೂ ಜನ ಅಲ್ಲೇ ಸಾಲಾಗಿ ನಿಂತು ಹೆಸರು ಕೂಗಿಸಿಕೊಳ್ಳುತ್ತಿದ್ದೆವು.

ಹೆಸರು ಕೂಗಿದಾಗ ಇನ್ನೊಂದು. ರಿಜಿಸ್ಟರಿನಲ್ಲಿ 61, ನಿಂತವರು 64. ಜಾಸ್ತಿ ಇದ್ದ ಮೂವರು ಯಾದಗಿರಿ ಕಡೆಯ ಹುಡುಗರು. ಕಾಂಟ್ರಾಕ್ಟರ್ ಬೇರೆ ಯಾರದೋ ಗೇಟ್ ಪಾಸ್ ಕೊಟ್ಟು ಟ್ಯಾಂಕ್ ತೊಳೆಯೋಕೆ ಒಳಗೆ ಬಿಟ್ಟಿದ್ದ. ಅವರು ಸೈರನ್ ಕೇಳಿ ಓಡಿ ಬಂದವರೂ ಅಲ್ಲ, ಆಪರೇಟರ್ ಒಬ್ಬ ಕೈ ಹಿಡಿದು ಎಳೆದುಕೊಂಡು ಬಂದಿದ್ದ.

"ಸೈರನ್ ಕೇಳಿಸಲಿಲ್ವೇನ್ರಪ್ಪಾ?"

"ಕೇಳಿಸ್ತ್ರೀ ಸರ. ಶಿಫ್ಟ್ ಬಿಟ್ಟಾರ ಅನ್ಕೊಂಡ್ವಿ."

ತಪ್ಪು ಅವರದಲ್ಲ. ಮುಂಬೈಯಲ್ಲಿ ಭೋಂಗಾ ಅಂದರೆ ಗಿರಣಿ ಕಾಲದಿಂದಲೂ ಅದೇ ಅರ್ಥ. ಭೋಂಗಾ ವಾಜಲಾ, ಸುಟ್ಟಿ ಝಾಲಿ: ಸೈರನ್ ಕೂಗಿತು, ಕೆಲಸ ಬಿಟ್ಟಿತು. ಕ್ಲೋರಿನ್ ಬಗ್ಗೆ ನಮ್ಮಲ್ಲಿ ಹದಿನಾರು ವಿಭಾಗದ ಇಂಗ್ಲಿಷ್ ಶೀಟ್ ಇತ್ತು, ಲ್ಯಾಮಿನೇಟ್ ಮಾಡಿ ಗೋಡೆಗೆ ಹೊಡೆದಿದ್ದೆವು. ಆ ಮೂವರನ್ನು ಮರುದಿನ ಕೂರಿಸಿಕೊಂಡು ನಾನು ಹೇಳಿದ್ದು ನಾಲ್ಕು ಮಾತು. ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆದರೆ ಮೊದಲು ಮೇಲೆ ಗಾಳಿಯ ದಿಕ್ಕು ತೋರಿಸೋ ಗಾಳಿಚೀಲ ನೋಡಿ. ಗಾಳಿ ಹೋಗೋ ಕಡೆ ಓಡಬೇಡಿ, ಗಾಳಿಗೆ ಅಡ್ಡಲಾಗಿ ಓಡಿ. ಈ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರಬೇಡಿ, ಎತ್ತರಕ್ಕೆ ಹೋಗಿ. ಒದ್ದೆ ಬಟ್ಟೆ ಮೂಗಿಗೆ. ಹತ್ತು ನಿಮಿಷದ ಕೆಲಸ, ಕನ್ನಡದಲ್ಲಿ. ಅದಕ್ಕೆ ಹತ್ತು ವರ್ಷ ಬೇಕಾಯಿತು ನನಗೆ.

ಇದಕ್ಕಿಂತ ಹಿಂದಿನ ನೌಕರಿಯದು ಒಂದು. ನಿಯಮದ ಪಟ್ಟಿಯಲ್ಲಿ ಕ್ಲೋರಿನ್‌ಗೆ ಕೆಳಗಿನ ಮಿತಿ 10 ಟನ್. ಅದು ದಾಟಿದರೆ ಪ್ಲಾನ್, ಡ್ರಿಲ್, ಜನರಿಗೆ ಮಾಹಿತಿ ಎಲ್ಲ ಶುರು. 25 ಟನ್ ದಾಟಿದರೆ ಸೇಫ್ಟಿ ರಿಪೋರ್ಟ್ ಕೂಡ. ಟನ್ನರ್ ಅಂದರೆ ಕ್ಲೋರಿನ್ ತುಂಬೋ ದೊಡ್ಡ ಸಿಲಿಂಡರ್, ಒಂದರಲ್ಲಿ 900 ಕಿಲೋ ಹಿಡಿಯುತ್ತದೆ. ಅಲ್ಲಿನ ಸ್ಟೋರ್ ಕೀಪರ್ ಯಾವಾಗಲೂ ಹನ್ನೊಂದೇ ಟನ್ನರ್ ಇಡುತ್ತಿದ್ದ. ಲೆಕ್ಕ ಹಾಕಿ: 9,900 ಕಿಲೋ. ಅವನಿಗೆ ಅದೊಂದು ಹೆಮ್ಮೆ. ಹನ್ನೆರಡನೆಯದು ಬಂದರೆ? ಲಾರಿ ಗೇಟಿನ ಹೊರಗೆ ನಿಲ್ಲುತ್ತಿತ್ತು, ಒಳಗೊಂದು ಖಾಲಿ ಆಗೋ ತನಕ. ರಸ್ತೆ ಬದಿ, ವಡಾಪಾವ್ ಗಾಡಿ ಪಕ್ಕ. ಕಾಗದದ ಮೇಲೆ ಎಲ್ಲ ಸರಿ ಇತ್ತು. 2010ರ ಜುಲೈಯಲ್ಲಿ ಮುಂಬೈಯ ಶಿವಡಿಯ ಹಾಜಿ ಬಂದರಿನಲ್ಲಿ ಕ್ಲೋರಿನ್ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರಲ್ಲ, ಅದು ವಾರಸುದಾರರಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದ ಹಳೆ ಸಿಲಿಂಡರುಗಳ ರಾಶಿಯಿಂದ. ಪೇಪರಿನಲ್ಲಿ ಅದನ್ನು ಓದಿದ ದಿನ ನನಗೆ ನೆನಪಾದದ್ದು ಆ ಲಾರಿ.

ಇನ್ನು 15ನೇ ನಿಯಮ. ಒಂದು ಸಲ ಮರಾಠಿ, ಹಿಂದಿಯಲ್ಲಿ ಐನೂರು ಕರಪತ್ರ ಪ್ರಿಂಟ್ ಮಾಡಿಸಿದೆವು. ಒಂದು ಫೈಲಿಗೆ ಹೋಯಿತು. ಉಳಿದವು ಸ್ಟೋರಿನ ಕಪಾಟಿನಲ್ಲಿ. "ಸುಮ್ನೆ ಹಂಚಿದರೆ ಜನ ಹೆದರ್ತಾರೆ, ನಾಳೆ ಗೇಟಿಗೆ ಮೋರ್ಚಾ ಬರುತ್ತೆ" ಅಂದರು ಮೇಲಿನವರು. ನಾನು ಹೂಂ ಅಂದೆ. ಆಗ ಅದು ನ್ಯಾಯ ಅಂತಲೇ ಅನ್ನಿಸಿತ್ತು.

ಹೆದರಿಸಬಾರದು ಅನ್ನೋ ಈ ಕಾಳಜಿ ಹೊಸದೇನಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಆ ಕಾರ್ಖಾನೆಯಲ್ಲಿ ಊರಿಗೆ ಕೇಳಿಸೋ ಸೈರನ್ ಇತ್ತು. ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟರು. ಮತ್ತೆ ಪೂರ್ತಿ ಕೂಗಿಸುವ ಹೊತ್ತಿಗೆ ಗ್ಯಾಸ್ ಸುತ್ತಲಿನ ಕೊಳೆಗೇರಿಗಳಲ್ಲಿ ಹರಡಿತ್ತು. ಜನ ದಿಕ್ಕು ಗೊತ್ತಿಲ್ಲದೆ ಓಡಿದರು, ಎಷ್ಟೋ ಜನ ಗ್ಯಾಸ್ ಹೋಗೋ ದಿಕ್ಕಿಗೇ. ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಿರಿ ಅಂತ ಹೇಳೋದಕ್ಕೂ ಯಾರೂ ಇರಲಿಲ್ಲ.

ಕಾನೂನು ಜಾರಿ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಗೇಟಿನ ಒಳಗೆ ಬಹಳಷ್ಟು ಬದಲಾಗಿದೆ. ಗ್ಯಾಸ್ ಡಿಟೆಕ್ಟರ್ ಇದೆ, ಸೋರಿದ ಗ್ಯಾಸ್ ತೊಳೆಯೋ ಸ್ಕ್ರಬ್ಬರ್ ಇದೆ, ತಳೋಜಾ, ರಸಾಯನಿ ಕಡೆ ಕಾರ್ಖಾನೆಗಳು ಒಬ್ಬರಿಗೊಬ್ಬರು ನೆರವಾಗೋ ಗುಂಪು ಮಾಡಿಕೊಂಡಿವೆ. ನಾನು ಸೇರಿದಾಗ ಇದ್ದ ಪ್ಲಾಂಟಿಗೂ ಈಗಿನದಕ್ಕೂ ಹೋಲಿಕೆ ಇಲ್ಲ. ಆದರೆ ನಮ್ಮ ಕಾಂಪೌಂಡಿಗೆ ತಾಗಿಕೊಂಡಿರೋ ಸಾಲುಮನೆ ಚಾಳಿನವರಿಗೆ ಕೇಳಿ, ನಮ್ಮ ಸೈರನ್ ಯಾಕೆ ಕೂಗುತ್ತೆ ಅಂತ. ಊಟದ ಟೈಮ್ ಅನ್ನುತ್ತಾರೆ.

ಅತ್ತಿಗೆಗೆ ಆಮೇಲೆ ಹೇಳಿದೆ. ಬೆಂಕಿಯೇ ಹತ್ತಿರ ಬರ್ತಿದ್ದರೆ ಹೊರಡಿ. ಗ್ಯಾಸ್ ಅಂತ ಅನುಮಾನ ಬಂದರೆ ಒಳಗೇ ಇರಿ. ಕಿಟಕಿ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್, ಏಸಿ ಬಂದ್ ಮಾಡಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಇಡಿ. ಅತ್ತಿಗೆ ಕೇಳಿಸಿಕೊಂಡು, "ಗಾಜೇ ಇಲ್ಲದ ಕಿಟಕಿ ಹೇಗೆ ಹಾಕೋದು?" ಅಂದರು. ಅದಕ್ಕೂ ಉತ್ತರ ಇರಲಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ, ಪ್ಯಾಕಿಂಗ್ ಟೇಪ್ ತಂದು ಅವರ ಫ್ರಿಜ್ ಮೇಲೆ ಇಟ್ಟು ಬಂದೆ.

ಹೋದ ತಿಂಗಳು ಅವರ ಬಿಲ್ಡಿಂಗಿನ ಹತ್ತಿರದ ಒಂದು ಕಾರ್ಖಾನೆ ಗೇಟಿಗೆ ನಾನೇ ಹೋಗಿದ್ದೆ. 15ನೇ ನಿಯಮದ ಕರಪತ್ರ ಇದ್ದರೆ ಒಂದು ಕೊಡಿ ಅಂದೆ. ವಾಚ್‌ಮನ್ ಒಳಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಪಾಪ, ಕೂರಿಸಿ ನೀರು ಕೊಟ್ಟ. ಒಳಗೆ ಏನು ಮಾಡ್ತಾರಪ್ಪಾ ಅಂದರೆ "ದವಾಯಿ" ಅಂದ. ಹೊರಡುವಾಗ ವಿಸಿಟರ್ ಬುಕ್ ಮುಂದೆ ತಳ್ಳಿದ. ಬಂದ ಕಾರಣ ಅನ್ನೋ ಕಡೆ ನಾನು ಯೋಚಿಸುತ್ತಾ ನಿಂತಿದ್ದೆ. ಅವನೇ ಪೆನ್ ತೆಗೆದುಕೊಂಡು ಬರೆದ: "ಪರ್ಸನಲ್."